ಕಂಬದ ಆಸರೆಯಿಲ್ಲದ ಮೆಟ್ಟಿಲು

ಹಳೆಯ ಮನೆಯೊಂದರ ದಾಖಲಾತಿಗೆ ಹೋದಾಗ ನಾನು ಮೊದಲು ನೋಡುವುದು ಮೆಟ್ಟಿಲನ್ನು. ಕಟ್ಟಿಸಿದವನ ಕೈಯಲ್ಲಿ ಹಣವೆಷ್ಟಿತ್ತು, ಅವನಿಗೆ ಎಂಥ ಬಡಗಿ ಸಿಕ್ಕಿದ್ದ ಎಂಬೆರಡೂ ಅಲ್ಲೇ ತಿಳಿಯುತ್ತವೆ. ಅಮೆರಿಕದ ಜಾರ್ಜಿಯಾ ರಾಜ್ಯದ ಉತ್ತರ ಭಾಗದಲ್ಲಿ, ಈಗಿನ ಚಾಟ್ಸ್‌ವರ್ತ್ ಊರಿನ ಬಳಿ, ಅಲ್ಲಿನ ಮೂಲನಿವಾಸಿಗಳಾದ ಚೆರೋಕಿಗಳ ಮುಖಂಡ ಜೇಮ್ಸ್ ವ್ಯಾನ್ 1804ರಲ್ಲಿ ಕಟ್ಟಿಸಿದ ಎರಡಂತಸ್ತಿನ ಇಟ್ಟಿಗೆ ಮನೆಯ ಮೆಟ್ಟಿಲ ಸಾಲು, ಕೆಳಗೆ ಕಂಬವಿಲ್ಲದೆ, ಗೋಡೆಯ ಹಿಡಿತದಿಂದಲೇ ಚಾಚಿಕೊಂಡಿದೆ. ಚೆರೋಕಿ ಎಂದೊಡನೆ ಚರ್ಮದ ಡೇರೆಯನ್ನು ಊಹಿಸಿಕೊಳ್ಳುವವರು (ಆ ಡೇರೆ ಅಮೆರಿಕದ ಬಯಲುಸೀಮೆಯ ಬೇರೆ ಮೂಲನಿವಾಸಿಗಳದ್ದು) ಇಲ್ಲಿ ಬೆರಗಾಗುತ್ತಾರೆ. ಆದರೆ ವ್ಯಾನ್ ಕುಟುಂಬದ ತೋಟ, ವ್ಯಾಪಾರ ಮಳಿಗೆ, ದೋಣಿಗಡಗಳ ಸಿರಿಯ ಹಿಂದೆ ನೂರಕ್ಕೂ ಹೆಚ್ಚು ಆಫ್ರಿಕನ್ ಗುಲಾಮರ ದುಡಿಮೆಯಿತ್ತು. ಮೆಟ್ಟಿಲನ್ನು ಹೊಗಳುವಾಗ ಈ ಮಾತನ್ನು ಅಡಿಟಿಪ್ಪಣಿಗೆ ತಳ್ಳುವುದು ನನಗೆ ಒಪ್ಪಿಗೆಯಿಲ್ಲ.

ಮನೆ ಯಾರದ್ದು ಎಂಬ ತಕರಾರು ಬೇಗನೆ ಎದ್ದಿತು. 1809ರಲ್ಲಿ ಜೇಮ್ಸ್ ಕೊಲೆಯಾದಾಗ ಅವನ ಉಯಿಲು ಆಸ್ತಿಯನ್ನು ಮಗ ಜೋಸೆಫನಿಗೆ ಕೊಟ್ಟಿತ್ತು. ಚೆರೋಕಿಗಳಲ್ಲಾದರೋ ಕುಲ ನಡೆಯುವುದು ತಾಯಿಯ ಕಡೆಯಿಂದ, ಮನೆ ಹೆಂಗಸಿನದ್ದು. ಆದ್ದರಿಂದ ಅವರ ಸಭೆಯು ಮನೆಯನ್ನು ಜೇಮ್ಸನ ಹೆಂಡತಿ ಪೆಗ್ಗಿಗೆ ಕೊಡಿಸಿತಾದರೂ, ಕೊನೆಗೆ ಅದು ಜೋಸೆಫನ ಪಾಲಾಯಿತು. ಉಯಿಲೆಂಬ ಹೊರಗಿನ ಪದ್ಧತಿ ಒಂದು ಸಮಾಜದೊಳಗೆ ಕಾಲಿಡುವ ಬಗೆಯನ್ನು ಇಷ್ಟು ಸ್ಪಷ್ಟವಾಗಿ ತೋರಿಸುವ ಮನೆಗಳು ಕಡಿಮೆ.

ಹೊರಗಿನವರ ಕಾನೂನೇ ಮುಂದೆ ಆ ಮನೆಯನ್ನು ಕಿತ್ತುಕೊಂಡಿತು. ಚೆರೋಕಿ ನೆಲದಲ್ಲಿ ಬಿಳಿಯರು ಪರವಾನಗಿಯಿಲ್ಲದೆ ನೆಲೆಸಬಾರದೆಂದು 1830ರ ಕೊನೆಯಲ್ಲಿ ಜಾರ್ಜಿಯಾ ಕಾಯಿದೆ ಮಾಡಿತ್ತು. ಜೋಸೆಫ್ ಬಿಳಿಯನೊಬ್ಬನನ್ನು ತೋಟದ ಮೇಲ್ವಿಚಾರಣೆಗೆ ಇಟ್ಟುಕೊಂಡಿದ್ದೇ ಅಪರಾಧವೆನಿಸಿತು. ಅಷ್ಟರಲ್ಲಿ ರಾಜ್ಯವು 1832ರ ಲಾಟರಿಯಲ್ಲಿ ಚೆರೋಕಿ ಭೂಮಿಯನ್ನು ಹಂಚಿಬಿಟ್ಟಿತ್ತು. 1835ರಲ್ಲಿ, ಮನೆ ತನ್ನದೆಂದ ಸ್ಪೆನ್ಸರ್ ರೈಲಿ ಮೇಲಂತಸ್ತಿನಲ್ಲಿ ಬಂದೂಕು ಹಿಡಿದು ಕೂತ. ಅವನನ್ನು ಹೊರಗೆಳೆಯಲು ರಾಜ್ಯದ ಕಾವಲುಪಡೆಯ ಕರ್ನಲ್ ಬಿಷಪ್‌ನ ಕಡೆಯವರು ಹೊಗೆಯಾಡುವ ಕೊರಡೊಂದನ್ನು ಅದೇ ಮೆಟ್ಟಿಲ ಮೇಲೆ ಎಸೆದರು. ಇಬ್ಬರು ಪರಕೀಯರ ಈ ಕಾದಾಟದ ಕೊನೆಗೆ ಮನೆಯ ನಿಜವಾದ ಒಡೆಯ ಬೀದಿಪಾಲಾದ.

1950ರ ದಶಕದಲ್ಲಿ ಸಾರ್ವಜನಿಕರ ನೆರವಿನಿಂದ ಕೊಂಡು ದುರಸ್ತಿ ಮಾಡಿದ ಕಟ್ಟಡ ಈಗ ವಸ್ತುಸಂಗ್ರಹಾಲಯವಾಗಿದೆ. ಜೋಸೆಫ್ ಮೊದಲು ಟೆನೆಸಿಗೆ, ಆಮೇಲೆ ಇಂದಿನ ಓಕ್ಲಹೋಮದ ವೆಬರ್ಸ್ ಫಾಲ್ಸ್‌ಗೆ ಹೋಗಿ, ಕಳೆದುಕೊಂಡ ಮನೆಯದೇ ಮಾದರಿಯಲ್ಲಿ ಅಲ್ಲಿ ಇನ್ನೊಂದನ್ನು ಕಟ್ಟಿಸಿದ. ಅದು ಅಂತರ್ಯುದ್ಧದಲ್ಲಿ ನಾಶವಾಯಿತು.