ಒಂದು ಬೋಲ್ಟಿಗೆ ತೂಗುವ ವಿಮಾನ

ಒಬ್ಬರೇ ಕೂರುವ ಅಲ್ಟ್ರಾಲೈಟ್ ಟ್ರೈಕ್ ಎಂಬ ಅತಿ ಹಗುರ ವಿಮಾನಕ್ಕೆ ಬಾಲವಿಲ್ಲ, ರೆಕ್ಕೆಯ ಅಂಚಿನಲ್ಲಿ ಏರಿಳಿಯುವ ಪಟ್ಟಿಗಳೂ ಇಲ್ಲ. ಮೇಲೆ ಅಲ್ಯೂಮಿನಿಯಂ ಕೊಳವೆಗಳ ಮೇಲೆ ಬಿಗಿದ ಪಾಲಿಯೆಸ್ಟರ್ ಬಟ್ಟೆಯ ರೆಕ್ಕೆ. ಅದರ ನಡುಗೊಳವೆಯಿಂದ, ಅಂದರೆ ಕೀಲ್‌ನಿಂದ, ಒಂದೇ ಬೋಲ್ಟಿಗೆ ತೂಗುವ ಮೂರು ಗಾಲಿಯ ಚೌಕಟ್ಟು. ಅದರಲ್ಲಿ ಪೈಲಟ್, ಅವರ ಬೆನ್ನ ಹಿಂದೆ ಎಂಜಿನ್.

ಈ ರೆಕ್ಕೆಯ ಬೇರು ಇರುವುದು ಅಮೆರಿಕದ ಫ್ರಾನ್ಸಿಸ್ ಮತ್ತು ಗರ್ಟ್ರೂಡ್ ರೊಗಾಲೊ ದಂಪತಿ 1948ರಲ್ಲಿ ಪೇಟೆಂಟಿಗೆ ಅರ್ಜಿ ಹಾಕಿದ ಬಾಗುವ ರೆಕ್ಕೆಯಲ್ಲಿ. ಜೆಮಿನಿ ಬಾಹ್ಯಾಕಾಶ ನೌಕೆಯನ್ನು ನೆಲಕ್ಕಿಳಿಸಲು ನಾಸಾ ಅದನ್ನು ಪರೀಕ್ಷಿಸಿ, ಕೊನೆಗೆ ಕೈಬಿಟ್ಟಿತು. 1963ರಲ್ಲಿ ಆಸ್ಟ್ರೇಲಿಯಾದ ಜಾನ್ ಡಿಕೆನ್ಸನ್ ಅದಕ್ಕೆ ತ್ರಿಕೋನದ ಹಿಡಿ ಜೋಡಿಸಿ, ಪೈಲಟ್ ಒಂದೇ ಬಿಂದುವಿನಿಂದ ತೂಗುವಂತೆ ಮಾಡಿದರು. ಇಂದಿನ ಟ್ರೈಕ್‌ಗಳು ನಂಬಿರುವುದು ಆ ಒಂದು ಬಿಂದುವನ್ನೇ.

ಅದರ ಸೊಗಸು ಇಲ್ಲಿದೆ. ಸಾಮಾನ್ಯ ವಿಮಾನದಲ್ಲಿ ಯಾರು ಎಲ್ಲಿ ಕೂತರು, ಟ್ಯಾಂಕಿನಲ್ಲಿ ಎಷ್ಟು ಇಂಧನ ಉಳಿಯಿತು ಎಂಬುದರ ಮೇಲೆ ಗುರುತ್ವ ಕೇಂದ್ರ ಹಿಂದೆಮುಂದೆ ಸರಿಯುತ್ತದೆ. ಟ್ರೈಕಿನಲ್ಲಿ ಇಡೀ ಭಾರ ರೆಕ್ಕೆಗೆ ಮುಟ್ಟುವುದು ಬೋಲ್ಟಿನ ಮೂಲಕ. ಐವತ್ತೈದು ಕಿಲೋ ಪೈಲಟ್ ಕೂತರೂ ತೊಂಬತ್ತೈದು ಕಿಲೋ ಪೈಲಟ್ ಕೂತರೂ ಆ ಭಾರ ಎಳೆಯುವ ಜಾಗ ಬದಲಾಗದು, ಹಾರುವ ವೇಗ ಮಾತ್ರ ಬದಲಾಗುತ್ತದೆ. ಬೋಲ್ಟನ್ನು ಕೀಲ್ ಮೇಲೆ ತುಸು ಮುಂದಕ್ಕೆ ಸರಿಸಿದರೆ ವಿಮಾನ ತಾನಾಗಿ ವೇಗವಾಗಿ ಹಾರುತ್ತದೆ, ಹಿಂದಕ್ಕೆ ಸರಿಸಿದರೆ ನಿಧಾನವಾಗಿ. ಇಷ್ಟೆಲ್ಲ ಹೊರುವ ಬೋಲ್ಟಿಗೆ ಜೊತೆಯಾಗಿ ಕೀಲನ್ನು ಬಳಸಿ ಇನ್ನೊಂದು ಸುರಕ್ಷಾ ಕೇಬಲ್ ಹಾಯಿಸುವ ರೂಢಿಯಿದೆ. ಅದನ್ನು ಯಾರೂ ಬಿಡಬಾರದು.

ಹಿಡಿಯನ್ನು ಮುಂದಕ್ಕೆ ತಳ್ಳಿದರೆ ಮೂಗು ಮೇಲೇಳುತ್ತದೆ. ಬಲಕ್ಕೆ ತಳ್ಳಿದರೆ ಪೈಲಟ್ ಮತ್ತು ಚೌಕಟ್ಟಿನ ಭಾರ ಎಡಕ್ಕೆ ಸರಿದು ವಿಮಾನ ಎಡಕ್ಕೆ ತಿರುಗುತ್ತದೆ. ಇದು ಭಾರವೊಂದರದೇ ಕೆಲಸವಲ್ಲ. ರೆಕ್ಕೆಯ ಎರಡು ಬದಿಗಳನ್ನು ಅಗಲಿಸಿ ಹಿಡಿಯುವ ಅಡ್ಡಗೊಳವೆಯನ್ನು ಕೀಲ್‌ಗೆ ಬಿಗಿಯದೆ ಸಡಿಲ ಬಿಟ್ಟಿರುವುದರಿಂದ, ಭಾರ ಸರಿದ ಕಡೆಗೆ ಕೀಲ್ ಕೂಡ ಸ್ವಲ್ಪ ಜರುಗುತ್ತದೆ. ಆ ಬದಿಯ ಬಟ್ಟೆ ಸಡಿಲವಾಗಿ ಉಬ್ಬಿ ಲಿಫ್ಟ್, ಅಂದರೆ ಮೇಲೆತ್ತುವ ಬಲ, ಕಳೆದುಕೊಳ್ಳುತ್ತದೆ, ಇನ್ನೊಂದು ಬದಿ ಬಿಗಿಯುತ್ತದೆ. ಅಂದರೆ ಬಾಗಲು ರೆಕ್ಕೆಯೇ ನೆರವಾಗುತ್ತದೆ. ಬಟ್ಟೆಯ ಮೆದುತನವನ್ನೇ ನಿಯಂತ್ರಣವಾಗಿಸಿದ ಈ ಉಪಾಯ ನನಗೆ ಇಡೀ ವಿನ್ಯಾಸದಲ್ಲೇ ಅತ್ಯಂತ ಜಾಣತನದ್ದು.

ಉಳಿದ ಹೋರಾಟವೆಲ್ಲ ತೂಕದ್ದು. ಅಮೆರಿಕದ 1982ರ ನಿಯಮದಂತೆ ಒಂಟಿ ಆಸನದ ಅಲ್ಟ್ರಾಲೈಟಿನ ಖಾಲಿ ತೂಕ ಸುಮಾರು 115 ಕಿಲೋ ಮುಟ್ಟಬಾರದು. ಇಂಧನ ಸುಮಾರು 19 ಲೀಟರ್, ಸ್ಟಾಲ್ ವೇಗ (ಅದಕ್ಕಿಂತ ನಿಧಾನವಾದರೆ ರೆಕ್ಕೆ ವಿಮಾನವನ್ನು ಹೊರಲಾರದು) ಗಂಟೆಗೆ ಸುಮಾರು 44 ಕಿ.ಮೀ. ಮೀರಬಾರದು. ಇದಕ್ಕೊಪ್ಪಿದರೆ ಅಲ್ಲಿ ಪೈಲಟ್ ಪರವಾನಗಿಯೂ ಬೇಡ. ಭೌತಶಾಸ್ತ್ರ ಇನ್ನೂ ಕಟ್ಟುನಿಟ್ಟು. ಅದೇ ರೆಕ್ಕೆಗೆ ಶೇ. 10 ತೂಕ ಹೆಚ್ಚಿದರೆ ಸ್ಟಾಲ್ ವೇಗ ಏರುವುದು ಶೇ. 5ರಷ್ಟೇ, ಆದರೆ ಹಾರುತ್ತಿರಲು ಬೇಕಾದ ಕನಿಷ್ಠ ಶಕ್ತಿ ಶೇ. 15ರಷ್ಟು ಏರುತ್ತದೆ. ದೊಡ್ಡ ಎಂಜಿನ್ ಹಾಕಿದರೆ ಗಟ್ಟಿ ಚೌಕಟ್ಟು, ಹೆಚ್ಚು ಇಂಧನ, ಮತ್ತೆ ತೂಕ. ಹಗುರವಾದ ಎರಡು ಸ್ಟ್ರೋಕ್ ಎಂಜಿನ್‌ಗಳು ಇಲ್ಲಿ ಗೆಲ್ಲುವುದು ಇದಕ್ಕೇ. ಆದರೆ ಅವು ನಿಮಿಷಕ್ಕೆ 6000 ಸುತ್ತು ತಿರುಗುತ್ತವೆ. 1.3 ಮೀಟರ್ ಪ್ರೊಪೆಲ್ಲರನ್ನು ನೇರ ಜೋಡಿಸಿದರೆ ಅದರ ತುದಿ ಶಬ್ದದ ವೇಗ ದಾಟಿ, ಸದ್ದು ಹೆಚ್ಚಿ ಬಹಳಷ್ಟು ಶಕ್ತಿ ವ್ಯರ್ಥವಾಗುತ್ತದೆ. ಹಾಗಾಗಿ ಬೆಲ್ಟ್ ಅಥವಾ ಗೇರು ಹಾಕಿ ಸುತ್ತನ್ನು ಅರ್ಧಕ್ಕಿಂತ ಕೆಳಗಿಳಿಸುತ್ತಾರೆ.

ಬಾಲವಿಲ್ಲದ ಕೊರತೆಯನ್ನು ರೆಕ್ಕೆಯ ಆಕಾರವೇ ತುಂಬಬೇಕು. ಹಿಂದಕ್ಕೆ ವಾಲಿದ ತುದಿಗಳು ನಡುಭಾಗಕ್ಕಿಂತ ಕಡಿಮೆ ಕೋನದಲ್ಲಿ ತಿರುಚಿರುತ್ತವೆ. ಮೂಗು ತಗ್ಗಿದಾಗ ಅವು ಹಿಂಬದಿಯನ್ನು ಒತ್ತಿ ಮತ್ತೆ ಮೇಲೆತ್ತುತ್ತವೆ. ರೆಕ್ಕೆಯ ಹಿಂದಿನ ಅಂಚು ಜೋತುಬೀಳದಂತೆ ಮೇಲಿನಿಂದ ತಂತಿಗಳೂ ಹಿಡಿದಿರುತ್ತವೆ. ಆದರೂ ಮೂಗನ್ನು ಕಡಿದಾಗಿ ಎತ್ತಿ ವೇಗ ಕಳೆದುಕೊಂಡರೆ ಟ್ರೈಕ್ ಮುಂದಕ್ಕೆ ಪಲ್ಟಿಯಾಗಬಹುದು, ಒಮ್ಮೆ ಪಲ್ಟಿ ಶುರುವಾದರೆ ಸಾವರಿಸಿಕೊಳ್ಳುವ ದಾರಿಯಿಲ್ಲವೆಂದೇ ಲೆಕ್ಕ. ಇಡೀ ವಿಮಾನವನ್ನು ಇಳಿಸುವ ಪ್ಯಾರಾಚೂಟಿಗೆ ಅಮೆರಿಕದಲ್ಲಿ ಖಾಲಿ ತೂಕದ ಆ 115 ಕಿಲೋ ಮಿತಿಯ ಮೇಲೆ ಸುಮಾರು 11 ಕಿಲೋ ವಿನಾಯಿತಿ ಇದೆ. ಗ್ರಾಂ ಲೆಕ್ಕದಲ್ಲಿ ಉಳಿಸುವ ವಿನ್ಯಾಸಕಾರರೂ ಈ ಕಿಲೋಗಳನ್ನು ಉಳಿಸಲು ಹೋಗಬಾರದು.