ಕಾರ್ಪಸ್: ಪದದ ಒಡನಾಟ ತೋರಿಸುವ ಸಂಗ್ರಹ

ಮಡಿಕೇರಿಯಲ್ಲಿ ನನ್ನ ಪದವಿ ತರಗತಿಯ ವಿದ್ಯಾರ್ಥಿನಿಯೊಬ್ಬಳು ಕಾಫಿ ತೋಟದ ಬಗ್ಗೆ ಇಂಗ್ಲಿಷಿನಲ್ಲಿ ಪ್ರಬಂಧ ಬರೆದಿದ್ದಳು. ಹೂಮಳೆಯಿಂದ, ಅಂದರೆ ಕಾಫಿ ಗಿಡ ಹೂಬಿಡಲು ಬೇಕಾದ ಮಳೆಯಿಂದ, ಒಳ್ಳೆಯ ಫಸಲು ಬಂತು ಎನ್ನಲು ‘ಕಾಸ್’ (cause) ಎಂಬ ಕ್ರಿಯಾಪದ ಬಳಸಿದ್ದಳು. ನಿಘಂಟಿನಲ್ಲಿ ಅದರ ಅರ್ಥ ‘ಉಂಟುಮಾಡು’. ವ್ಯಾಕರಣವೂ ಸರಿ. ಆದರೂ ವಾಕ್ಯ ಕಿವಿಗೆ ಒಗ್ಗುವುದಿಲ್ಲ. ಇದರ ಉತ್ತರ ಕಾರ್ಪಸ್‌ನಲ್ಲಿದೆ.

ಲ್ಯಾಟಿನ್‌ನಲ್ಲಿ ಕಾರ್ಪಸ್ ಎಂದರೆ ದೇಹ. ಭಾಷಾಧ್ಯಯನದಲ್ಲಿ, ಜನ ನಿಜವಾಗಿ ಬರೆದದ್ದನ್ನೂ ಆಡಿದ್ದನ್ನೂ ಆಯ್ದು ಕಂಪ್ಯೂಟರಿನಲ್ಲಿ ಕೂಡಿಟ್ಟ ಸಂಗ್ರಹ, ಪಠ್ಯಸಂಚಯ ಎನ್ನಬಹುದು. ಅಮೆರಿಕದ ಬ್ರೌನ್ ಕಾರ್ಪಸ್‌ನಲ್ಲಿ 1961ರಲ್ಲಿ ಅಚ್ಚಾದ ಬರಹಗಳ 500 ತುಣುಕುಗಳಿವೆ, ಒಟ್ಟು ಸುಮಾರು 10 ಲಕ್ಷ ಪದ. 1990ರ ದಶಕದ ಬ್ರಿಟಿಷ್ ನ್ಯಾಷನಲ್ ಕಾರ್ಪಸ್‌ನಲ್ಲಿ 10 ಕೋಟಿ.

ಹುಡುಕಿದ ಪದ ಪರದೆಯ ನಡುವೆ ಒಂದರ ಕೆಳಗೊಂದು ಸಾಲಾಗಿ ನಿಲ್ಲುತ್ತದೆ. ಎಡಬಲಕ್ಕೆ ಅದು ಬಂದ ವಾಕ್ಯಗಳ ತುಂಡುಗಳು. ಇದನ್ನು ಕನ್‌ಕಾರ್ಡೆನ್ಸ್ ಎನ್ನುತ್ತಾರೆ. ‘ಕಾಸ್’ನ ಬಲಗಡೆ ಕಣ್ಣಾಡಿಸಿದರೆ ಹಾನಿ, ಸಮಸ್ಯೆ, ನೋವು, ಸಾವು ಎಂಬರ್ಥದ ಪದಗಳೇ ಮತ್ತೆ ಮತ್ತೆ ಸಿಗುತ್ತವೆ. ಒಳ್ಳೆಯ ಫಸಲಿಗೆ ಅಲ್ಲಿ ಜಾಗವಿಲ್ಲ ಎಂಬುದು ನಾನು ಹೇಳುವ ಮೊದಲೇ ಅವಳಿಗೆ ಹೊಳೆಯಿತು.

ಕನ್ನಡದಲ್ಲೂ ಹೀಗೆಯೇ. ಟೀಕೆಗೆ, ಹಲ್ಲೆಗೆ ‘ಗುರಿಯಾಗುತ್ತಾರೆ’, ಮೆಚ್ಚುಗೆಗೆ ‘ಪಾತ್ರರಾಗುತ್ತಾರೆ’. ‘ಮೆಚ್ಚುಗೆಗೆ ಗುರಿಯಾದರು’ ಎಂದು ಯಾರಾದರೂ ಬರೆದರೆ ನಾವು ತಟ್ಟನೆ ತಡೆಯುತ್ತೇವೆ. ಆ ಕಿವಿ ನಮಗೆ ಮನೆಯಲ್ಲೇ ಬಂದದ್ದು. ಇಂಗ್ಲಿಷಿನ ಮಟ್ಟಿಗೆ ಅದನ್ನು ಬೆಳೆಸಿಕೊಳ್ಳಬೇಕು. ಸಾವಿರಾರು ಪದ ಬಲ್ಲ ಮಕ್ಕಳು ಎಡವುವುದು ಅರ್ಥದಲ್ಲಿ ಅಲ್ಲ, ಈ ಒಡನಾಟದಲ್ಲಿ. ಅವರಿಗೆ ಇನ್ನೊಂದು ಪದಪಟ್ಟಿ ಬಾಯಿಪಾಠ ಮಾಡಿಸುವುದಕ್ಕಿಂತ ಕನ್‌ಕಾರ್ಡೆನ್ಸ್‌ನ ಇಪ್ಪತ್ತು ಸಾಲು ಓದಿಸುವುದು ಮೇಲು ಎಂದು ನಾನು ನಂಬಿದ್ದೇನೆ. ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾಲಯದ ಟಿಮ್ ಜಾನ್ಸ್ ಈ ಬಗೆಯ ಕಲಿಕೆಗೆ ದಾರಿ ಹಾಕಿದವರು. ನಿಯಮವನ್ನು ಮೇಷ್ಟರು ಹೇಳುವ ಬದಲು ವಿದ್ಯಾರ್ಥಿಯೇ ಸಾಲುಗಳಿಂದ ಹೆಕ್ಕಬೇಕು ಎಂಬುದು ಅವರ ವಾದ.

ಆದರೆ ಹಾಕಿದ್ದಷ್ಟೇ ಕಾರ್ಪಸ್‌ನಲ್ಲಿ ಸಿಗುತ್ತದೆ. ಭಾರತೀಯರ ಇಂಗ್ಲಿಷಿಗೆಂದೇ 1978ರ ಬರಹಗಳಿಂದ ಕೊಲ್ಹಾಪುರ ಕಾರ್ಪಸ್ ಕಟ್ಟಿದ್ದು ಅದಕ್ಕೇ. ಹೂಮಳೆಗೆ ನಮ್ಮ ಬೆಳೆಗಾರರು ಹೇಳುವ ‘ಬ್ಲಾಸಮ್ ಶವರ್ಸ್’ ಯಾವುದೋ ಸಂಗ್ರಹದಲ್ಲಿ ಕಾಣಿಸದಿದ್ದರೆ ಕೆಂಪು ಶಾಯಿಯಲ್ಲಿ ಗೆರೆ ಎಳೆಯಬೇಡಿ. ಕಾಫಿ ತೋಟದ ಬರಹ ಅಲ್ಲಿಗೆ ಸೇರಿಲ್ಲದಿರಬಹುದು.