ತಾಯ್‌ಚಿಯ ಬಲ ಇರುವುದು ಅಂಗಾಲಿನಲ್ಲಿ

ಒಬ್ಬ ಇನ್ನೊಬ್ಬನ ಎದೆಗೆ ಅಂಗೈ ತಾಗಿಸುತ್ತಾನೆ. ತೋಳು ಅಲುಗಿದಂತೆಯೂ ಕಾಣುವುದಿಲ್ಲ, ಎದುರಿನವನು ನಾಲ್ಕು ಹೆಜ್ಜೆ ಹಿಂದಕ್ಕೆ ಮುಗ್ಗರಿಸುತ್ತಾನೆ. ನೋಡಿದವರು ‘ಚೀ’ ಎಂಬ ಪ್ರಾಣಶಕ್ತಿ ಅಂಗೈಯಿಂದ ಹರಿಯಿತು ಎಂದುಬಿಡುತ್ತಾರೆ. ಈ ವಿವರಣೆಗೆ ಒಪ್ಪಿದಿರೋ, ತಾಯ್‌ಚಿ ಎಂಬ ಈ ಚೀನೀ ಕಾಳಗಕಲೆಯಲ್ಲಿ ನಿಜಕ್ಕೂ ಬೆರಗುಪಡಬೇಕಾದ್ದು ಕಣ್ಣಿಗೇ ಬೀಳದೆ ಹೋಗುತ್ತದೆ.

ಲೆಕ್ಕ ಹಾಕಿ ನೋಡೋಣ. 70 ಕೆ.ಜಿ. ತೂಕದವನು ಎರಡೂ ಪಾದ ಜೋಡಿಸಿ ನೆಟ್ಟಗೆ ನಿಂತಿದ್ದಾನೆ. ಅವನ ಭಾರದ ರೇಖೆಯಿಂದ, ಅಂದರೆ ಮೈಭಾರ ನೆಟ್ಟಗೆ ನೆಲಕ್ಕಿಳಿಯುವ ಗೆರೆಯಿಂದ, ಹಿಮ್ಮಡಿಯ ಅಂಚಿಗೆ ಹೆಚ್ಚೆಂದರೆ 12 ಸೆಂ.ಮೀ. ನೆಲದಿಂದ 120 ಸೆಂ.ಮೀ. ಎತ್ತರದಲ್ಲಿ, ಅಂದರೆ ಎದೆಯ ಮಟ್ಟದಲ್ಲಿ ತಳ್ಳಿದರೆ, 7 ಕೆ.ಜಿ.ಯಷ್ಟು ಒತ್ತಡಕ್ಕೇ ಅವನ ಸಮತೋಲ ತಪ್ಪುತ್ತದೆ. ಅದೇ ಮನುಷ್ಯ ಒಂದು ಕಾಲು ಮುಂದೆ, ಒಂದು ಹಿಂದೆ ಇಟ್ಟು ಮಂಡಿ ಬಗ್ಗಿಸಲಿ. ಭಾರದ ರೇಖೆಯಿಂದ ಹಿಂದಿನ ಹಿಮ್ಮಡಿಗೆ 45 ಸೆಂ.ಮೀ. ಸಿಕ್ಕಿತು, ಎದೆ 110ಕ್ಕೆ ಇಳಿಯಿತು ಎನ್ನಿ. ಈಗ ಅವನನ್ನು ಉರುಳಿಸಲು 28 ಕೆ.ಜಿ.ಗೂ ಹೆಚ್ಚು ಬೇಕು. ಸ್ನಾಯು ಬೆಳೆದಿಲ್ಲ, ಪಾದ ಜರುಗಿದೆ, ಅಷ್ಟೇ.

ಇದಕ್ಕಿಂತ ಸೊಗಸಾದ ಸಂಗತಿ ಘರ್ಷಣೆಯದು. ನುರಿತವನು ಎಂದೂ ನೇರ ಅಡ್ಡಕ್ಕೆ ತಳ್ಳುವುದಿಲ್ಲ, ಕೊಂಚ ಕೆಳಗಿನಿಂದ ಮೇಲಕ್ಕೆ ತಳ್ಳುತ್ತಾನೆ. ಇಬ್ಬರೂ 70 ಕೆ.ಜಿ.ಯವರು ಎನ್ನಿ. ಆ ತಳ್ಳಿನ ಮೇಲ್ಮುಖ ಪಾಲು 10 ಕೆ.ಜಿ. ಇದ್ದರೆ ಎದುರಾಳಿಯ ಪಾದದ ಮೇಲಿನ ಭಾರ 60ಕ್ಕೆ ಇಳಿಯುತ್ತದೆ, ತಳ್ಳುವವನದು 80ಕ್ಕೆ ಏರುತ್ತದೆ. ಘರ್ಷಣೆ ಭಾರವನ್ನು ಅವಲಂಬಿಸಿದ್ದು. ಘರ್ಷಣಾಂಕ 0.5 ಇರುವ, ಅಂದರೆ ಭಾರದ ಅರ್ಧದಷ್ಟು ಹಿಡಿತ ಕೊಡುವ ನೆಲದಲ್ಲಿ ಎದುರಾಳಿಯ ಪಾದ 30 ಕೆ.ಜಿ.ಗೇ ಜಾರುತ್ತದೆ, ತಳ್ಳುವವನದು 40ರವರೆಗೂ ಕಚ್ಚಿಕೊಂಡಿರುತ್ತದೆ. ಕೆಸರಿನಲ್ಲಿ ಹೂತ ಗಾಡಿಗೆ ಹೆಗಲು ಕೊಡುವವನು ಹೀಗೆಯೇ ಕೆಳಗಿನಿಂದ ಎತ್ತಿ ನೂಕುತ್ತಾನೆ. ಭಾರದ ಬೀರು ಜರುಗಿಸುವಾಗಲೂ ಮೊದಲು ಒಂದು ಮೂಲೆ ಎತ್ತುತ್ತೇವೆ. ‘ಬೇರೂರಿ ನಿಲ್ಲು’ ಎಂದು ತಾಯ್‌ಚಿ ಗುರುಗಳು ಹೇಳುವುದರ ಬಹುಪಾಲು ಅರ್ಥ ಇದೇ: ಅವನ ಬೇರು ಕಿತ್ತರೆ ನಿಮ್ಮದು ಆಳಕ್ಕಿಳಿಯುತ್ತದೆ.

ಮುಟ್ಟದೆಯೇ ಹತ್ತು ಜನರನ್ನು ಬೀಳಿಸುವ ವಿಡಿಯೊಗಳಲ್ಲಿ ಬೀಳುವವರು ಸಾಮಾನ್ಯವಾಗಿ ಗುರುವಿನ ಶಿಷ್ಯರೇ. ಮುಟ್ಟದಿದ್ದರೆ ಬಲವಿಲ್ಲ.

ಈ ಕಲೆಯ ತವರು ಹೆನಾನ್ ಪ್ರಾಂತ್ಯದ ವೆನ್ ಕೌಂಟಿಯ ಚೆನ್‌ಜಿಯಾಗೌ ಎಂಬ ಹಳ್ಳಿ. ಮೂಲಪುರುಷನೆಂದು ಸಾಮಾನ್ಯವಾಗಿ ಹೆಸರಿಸುವುದು 17ನೇ ಶತಮಾನದ ಚೆನ್ ವಾಂಗ್‌ತಿಂಗ್‌ನನ್ನು. ಹಾವು ಮತ್ತು ಪಕ್ಷಿಯ ಕಾಳಗ ನೋಡಿ ಝಾಂಗ್ ಸಾನ್‌ಫೆಂಗ್ ಎಂಬ ತಾವೊ ಯೋಗಿ ಇದನ್ನು ಕಂಡುಹಿಡಿದನೆಂಬ ಕಥೆಯನ್ನು ಇತಿಹಾಸಕಾರ ತಾಂಗ್ ಹಾವೊ 1930ರ ದಶಕದಲ್ಲೇ ತಳ್ಳಿಹಾಕಿದ. ಮಿಂಗ್ ರಾಜವಂಶದ ಸೇನಾಪತಿ ಚಿ ಜಿಗುವಾಂಗ್ (1528–1588) ಸೈನಿಕರಿಗಾಗಿ ಬರೆದಿಟ್ಟ 32 ಪಟ್ಟುಗಳಲ್ಲಿ ‘ಒಂಟಿಗಾಲಲ್ಲಿ ನಿಂತ ಚಿನ್ನದ ಹುಂಜ’ ಇದೆ, ಅದು ಇಂದಿನ ತಾಯ್‌ಚಿಯಲ್ಲೂ ಇದೆ. ಯೋಗಿಯ ಕಥೆಗಿಂತ ಇದು ಗಟ್ಟಿ ಸಾಕ್ಷಿ. ದಕ್ಷಿಣ ಭಾರತದ ಬೌದ್ಧ ಭಿಕ್ಷು ಬೋಧಿಧರ್ಮನೇ ಚೀನೀಯರಿಗೆ ಕಾಳಗ ಕಲಿಸಿದ ಎಂದು ನಾವು ಹೆಮ್ಮೆಪಡುತ್ತೇವಲ್ಲ, ಆ ಮಾತಿನ ಬೇರು 1624ರ ‘ಯಿಜಿನ್ ಜಿಂಗ್’ ಎಂಬ ಗ್ರಂಥದಲ್ಲಿದೆ. ಬೋಧಿಧರ್ಮನ ಕಾಲಕ್ಕೂ ಅದಕ್ಕೂ ಸಾವಿರ ವರ್ಷಕ್ಕೂ ಮೀರಿದ ಅಂತರ!

ಚೆನ್ ಮನೆತನದ ಗುರು ಚೆನ್ ಚಾಂಗ್‌ಶಿಂಗ್‌ನಿಂದ ಕಲಿತ ಯಾಂಗ್ ಲುಚಾನ್ ತಾಯ್‌ಚಿಯನ್ನು ಬೀಜಿಂಗ್‌ಗೆ ಒಯ್ದ. ಯಾಂಗ್ ಮನೆತನದಲ್ಲಿ ನೆಗೆತ, ತುಳಿತಗಳು ಸವೆದು ಎಲ್ಲ ಒಂದೇ ಲಯಕ್ಕೆ ಬಂತು. 1956ರಲ್ಲಿ ಚೀನಾ ಸರ್ಕಾರ ರೂಪಿಸಿದ 24 ಭಂಗಿಗಳ ಸರಳ ಸರಣಿ ಆ ಯಾಂಗ್ ಪದ್ಧತಿಯದೇ. ಉದ್ಯಾನಗಳಲ್ಲಿ ನಾವು ಹೆಚ್ಚಾಗಿ ನೋಡುವುದು ಅದನ್ನು. ಚೆನ್ ಪದ್ಧತಿಯಲ್ಲಿ ಮಾತ್ರ ನಿಧಾನದ ನಡುವೆ ಈಗಲೂ ಸಿಡಿಲಿನಂಥ ಹೊಡೆತಗಳಿವೆ.

ನಿಧಾನ ಏಕೆ? ನಿಧಾನ ಸೈಕಲ್ ಓಟ ನೆನಪಿಸಿಕೊಳ್ಳಿ. ವೇಗವಿದ್ದಾಗ ಮುಚ್ಚಿಹೋಗುವ ಓಲಾಟವೆಲ್ಲ ಅಲ್ಲಿ ಬಯಲಾಗುತ್ತದೆ. ಚೆನ್ ಪದ್ಧತಿಯ ಜೀವಾಳಕ್ಕೆ ‘ರೇಷ್ಮೆ ಬಿಚ್ಚುವ ಬಲ’ ಎಂದು ಹೆಸರು. ರಾಮನಗರದ ನೂಲು ಬಿಚ್ಚಾಣಿಕೆ ನೋಡಿದವರಿಗೆ ಬಿಡಿಸಿ ಹೇಳಬೇಕಿಲ್ಲ: ಜಗ್ಗಿದರೆ ಎಳೆ ಕಡಿಯುತ್ತದೆ, ಸಡಿಲ ಬಿಟ್ಟರೆ ಸಿಕ್ಕಾಗುತ್ತದೆ. ಹಿಂದಿನ ಪಾದ ನೆಲ ಒತ್ತಬೇಕು, ತೊಡೆಸಂದು ತಿರುಗಬೇಕು, ಸೊಂಟ, ಬೆನ್ನು, ಹೆಗಲು, ಮೊಣಕೈ, ಕೊನೆಗೆ ಅಂಗೈ, ಈ ಸರದಿಯಲ್ಲೇ ಸುರುಳಿ ಸಾಗಬೇಕು. ಹೆಗಲು ಮೇಲೆದ್ದರೆ ಎಳೆ ಅಲ್ಲೇ ಕಡಿಯಿತು. ಆಮೇಲೆ ಉಳಿಯುವುದು ಬರೀ ತೋಳಿನ ಬಲ.

ಹೊಸಬರಿಗೆ ಮಂಡಿ ನೋವು ಹೆಚ್ಚಾಗಿ ಬರುವುದು ಇದೇ ಸರದಿ ತಪ್ಪಿದಾಗ. ಮಂಡಿ ಬಾಗಿಲಿನ ತಿರುಗಣಿಯಂತೆ, ಮಡಚಲು ಮಾಡಿದ್ದು. ತಿರುಗುವ ಕೀಲು ತೊಡೆಸಂದಿನದು. ಭಾರವೆಲ್ಲ ಹೊತ್ತ ಪಾದದ ಮೇಲೆ ಮೈ ತಿರುಗಿಸಿ, ತೊಡೆಸಂದು ಬಿಗಿಯಾಗಿದ್ದರೆ, ಆ ತಿರುಚು ಮಂಡಿಗೆ ಇಳಿಯುತ್ತದೆ. ಹೆಜ್ಜೆ ಬದಲಿಸುವಾಗ ಮೊದಲು ಭಾರವನ್ನು ಹಿಂದಿನ ಕಾಲಿಗೆ ಸರಿಸಿ, ಹಗುರಾದ ಮುಂಪಾದವನ್ನು ಹಿಮ್ಮಡಿಯ ಮೇಲೆ ಸುಮಾರು 45 ಡಿಗ್ರಿ ಹೊರಳಿಸಿ, ಆಮೇಲಷ್ಟೇ ಅದರ ಮೇಲೆ ಭಾರ ಹಾಕಿ. ಮಂಡಿಚಿಪ್ಪು ಕಾಲ್ಬೆರಳಿನ ದಿಕ್ಕಿಗೇ ನೋಡುತ್ತಿರಲಿ, ಒಳಕ್ಕೆ ವಾಲಬಾರದು, ಬೆರಳ ತುದಿಯನ್ನೂ ದಾಟಬಾರದು. ಕೆಳಗೆ ಕೂತಷ್ಟೂ ಒಳ್ಳೆಯದೆಂಬ ಹುಮ್ಮಸ್ಸು ಬೇಡ. ಮೊದಲ ತಿಂಗಳುಗಳಲ್ಲಿ ನಿಲುವು ಎತ್ತರವಾಗಿಯೇ ಇರಲಿ.